ಮಡಚಿಟ್ಟ ಚೂರಿ

ನಮ್ಮ ಅಡುಗೆಮನೆಯ ಚೂರಿಗಳು ಮಡಚುವುದಿಲ್ಲ. ಚಮಚಗಳ ನಡುವೆ ತಲೆಕೆಳಗಾಗಿ ನಿಂತು, ಇಲ್ಲವೇ ಕಟ್ಟೆಯ ಮೂಲೆಯಲ್ಲಿ ಒರಗಿಕೊಂಡು ಅವು ದಿನವಿಡೀ ಬಾಯಿ ತೆರೆದೇ ಇರುತ್ತವೆ. ಮಡಚಬೇಕಾದ ಅಗತ್ಯವಾದರೂ ಏನು? ಅವು ಎಲ್ಲಿಗೂ ಹೋಗುವುದಿಲ್ಲವಲ್ಲ! ಮಡಚುವ ಚೂರಿ ಹೊಸ್ತಿಲು ದಾಟುವವರದು. ಕುರಿ ಕಾಯುವವನದು, ನಾವಿಕನದು, ಸಿಪಾಯಿಯದು. ಇಂಗ್ಲಿಷರು, ಫ್ರೆಂಚರು, ಜರ್ಮನರು ಮೂವರೂ ಅದನ್ನು ಕರೆಯುವುದು 'ಜೇಬಿನ ಚೂರಿ' ಎಂದೇ. ಜೇಬಿಲ್ಲದ ಸೀರೆಯುಟ್ಟ ನಮಗೆ ಆ ಹೆಸರೇ ಅರ್ಧ ಬಾಗಿಲು ಮುಚ್ಚಿದಂತೆ.

ಒಂದು ಅಪವಾದ ಉಂಟು. ಅಲಗನ್ನು ಮಣೆಯ ಮೇಲೆ ಮಲಗಿಸಬಹುದಾದ ಮಡಚುವ ಈಳಿಗೆ ಮಣೆಯನ್ನು ನೀವೂ ನೋಡಿರಬಹುದು. ನಮ್ಮ ಕಡೆ ಮೆಟ್ಟುಗತ್ತಿ ಎನ್ನುತ್ತಾರೆ. ಅದಕ್ಕೆ ಬೀಗವಿಲ್ಲ. ಮೆಟ್ಟಿ ಕುಳಿತ ಹೆಂಗಸಿನ ಕಾಲಿನ ಭಾರವೇ ಮಣೆಯನ್ನು ಅಲುಗದಂತೆ ಹಿಡಿಯುತ್ತದೆ, ತರಕಾರಿಯನ್ನು ಒತ್ತುವ ದಿಕ್ಕೇ ಅಲಗನ್ನು ನಿಲ್ಲಿಸುತ್ತದೆ. ಕೆಲಸ ಮುಗಿದ ಮೇಲೆ ಮಕ್ಕಳ ಕಾಲಿಗೆ ತಾಗದ ಹಾಗೆ ಮಲಗಿಸಿ, ಮಣೆಯನ್ನು ಗೋಡೆಗೆ ಒರಗಿಸುವುದು. ಅದು ಮಡಚುವುದು ಪ್ರಯಾಣಕ್ಕಲ್ಲ, ಮನೆಯವರ ಕ್ಷೇಮಕ್ಕೆ.

ಮಡಚುವ ಚೂರಿ ಬಹಳ ಹಳೆಯ ವಸ್ತು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಉಪ್ಪಿನ ಗಣಿಯ ಊರಿನಲ್ಲಿ ಮೂಳೆಯ ಹಿಡಿಯ ಒಂದು ಮಡಚುವ ಚೂರಿ ಸಿಕ್ಕಿದೆ. ಅದರ ಕಾಲ ಸುಮಾರು ಕ್ರಿಸ್ತಪೂರ್ವ 600ರಿಂದ 500. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ ಇನ್ನೊಂದಿದೆ. ಕ್ರಿಸ್ತಶಕ ಮೂರನೆಯ ಶತಮಾನದ್ದು, ಬೆಳ್ಳಿಯದು. ಅದರೊಳಗೆ ಚೂರಿಯ ಜೊತೆ ಚಮಚ, ಮುಳ್ಳುಚಮಚ, ಚೂಪಾದ ಒಂದು ಮೊನೆ, ಹಲ್ಲುಕಡ್ಡಿ ಎಲ್ಲವೂ ಮಡಚಿ ಕುಳಿತಿವೆ. ಸಿರಿವಂತನೊಬ್ಬ ಪ್ರಯಾಣದಲ್ಲಿ ತನ್ನ ಊಟದ ಮರ್ಯಾದೆಯನ್ನು ಜೊತೆಗೇ ಒಯ್ಯುತ್ತಿದ್ದ ಎನ್ನಿ. ಇವುಗಳಲ್ಲಿ ಅಲಗು ತಿರುಗುತ್ತಿತ್ತು ಅಷ್ಟೇ. ತೆರೆದ ಅಲಗು ತೆರೆದೇ ಇರಬೇಕೆಂಬ ಕಟ್ಟುನಿಟ್ಟು ಇನ್ನೂ ಬಂದಿರಲಿಲ್ಲ.

ಆ ಕಟ್ಟುನಿಟ್ಟು ಏಕೆ ಬೇಕೆಂದು ನನಗೆ ಯಾವ ಪುಸ್ತಕವೂ ಹೇಳಬೇಕಾಗಿಲ್ಲ. ನನ್ನ ಸೋದರತ್ತೆಯ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಶಿರಸಿ ಜಾತ್ರೆಯಿಂದ ಒಂದು ಮಡಚುವ ಚೂರಿ ತಂದಿದ್ದಳಂತೆ. ಕಬ್ಬಿನ ಗಿಣ್ಣಿಗೆ ಅಲಗಿನ ತುದಿಯನ್ನು ಒತ್ತಿ ಸೀಳಲು ಹೋದಾಗ ಅಲಗು ಹಿಂದಕ್ಕೆ ಮಡಚಿ ಬೆರಳಿನ ಮೇಲೆ ಬಿತ್ತು. ಗಾಯ ವಾಸಿಯಾಯಿತು, ನರ ಕೂಡಲಿಲ್ಲ. ಆಮೇಲಿನ ನಲವತ್ತು ವರ್ಷ ಅವಳು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಟ್ಟು ಹಿಡಿದು ರಂಗೋಲಿ ಹಾಕಿದಳು. ತೋರುಬೆರಳು ನೆಟ್ಟಗೆ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ನಾವು ಮಕ್ಕಳು ಅವಳು ಯಾರನ್ನೋ ಬೆರಳು ತೋರಿಸಿ ಗದರುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆವು.

ಜಾತ್ರೆಯ ಆ ಚೂರಿಯಲ್ಲಿ ಇದ್ದುದು ಒಂದು ಸ್ಪ್ರಿಂಗು ಮಾತ್ರ. ಹಿಡಿಯ ಬೆನ್ನಿನ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತುತ್ತಿರುತ್ತದೆ. ಬುಡವನ್ನು ಚಪ್ಪಟೆಯಾಗಿ ಉಜ್ಜಿರುವುದರಿಂದ ತೆರೆದಾಗ ಅಲಗು ನಿಂತಂತೆ ಕಾಣುತ್ತದೆ. ಉಗುರಿನಿಂದ ಎತ್ತುವ ನಮ್ಮ ಪೇಟೆಯ ಸಣ್ಣ ಚೂರಿಗಳೆಲ್ಲ ಈ ಜಾತಿಯವೇ. ಈ ಸ್ಪ್ರಿಂಗು ಅಲಗನ್ನು ತಡೆಯುವುದಿಲ್ಲ, ನಿಲ್ಲು ಎಂದು ಒಲಿಸುತ್ತದೆ ಅಷ್ಟೇ. ಒತ್ತಡ ಹೆಚ್ಚಾದರೆ ಅದು ಒತ್ತಡದ ಪಕ್ಷಕ್ಕೇ ಸೇರುತ್ತದೆ.

ಅಲಗಿಗೆ ನಿಜವಾದ ಬೀಗ ಹಾಕಿದವರಲ್ಲಿ ಸ್ಪೇನಿನವರು ಮೊದಲ ಸಾಲಿನವರು. ಅವರ ಚೂರಿಯ ಹೆಸರು ನವಾಹ. ಕ್ಷೌರದ ಕತ್ತಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಹಜಾಮರ ಕತ್ತಿಯೂ ಮಡಚುವಂಥದ್ದೇ ಆಗಿತ್ತಲ್ಲ, ಅದರ ದೊಡ್ಡಣ್ಣ ಇದು. ಸಾಮಾನ್ಯ ಜನ ಖಡ್ಗ ಹಿಡಿಯಬಾರದೆಂಬ ಕಟ್ಟಳೆ ಬಂದಾಗ ಜನ ಮಡಚುವ ಚೂರಿಯನ್ನೇ ಉದ್ದಕ್ಕೆ ಬೆಳೆಸಿದರು ಎನ್ನುತ್ತಾರೆ. ನವಾಹದ ಹಿಡಿಯ ಹೊರಮೈಯಲ್ಲಿ ಒಂದು ಉಕ್ಕಿನ ಸ್ಪ್ರಿಂಗು, ಅದರಲ್ಲೊಂದು ತೂತು. ಅಲಗು ಪೂರ್ತಿ ತೆರೆದಾಗ ಅದರ ಬುಡದ ಗೂಟ ಆ ತೂತಿನೊಳಗೆ ಕೂತುಬಿಡುತ್ತದೆ. ಇನ್ನು ಎಷ್ಟೇ ಒತ್ತಿದರೂ ಮಡಚುವ ಮಾತಿಲ್ಲ. ಸ್ಪ್ರಿಂಗಿಗೆ ಕಟ್ಟಿದ ಬಳೆಯನ್ನು ಎಳೆದರೆ ಮಾತ್ರ ಬಿಡುಗಡೆ.

ಕೆಲವು ನವಾಹಗಳಲ್ಲಿ ಒಂದು ಗೂಟದ ಬದಲು ಹಲ್ಲುಗಳ ಸಾಲೇ ಇರುತ್ತದೆ. ತೆರೆಯುವಾಗ ಒಂದೊಂದು ಹಲ್ಲೂ ಸ್ಪ್ರಿಂಗಿಗೆ ಬಡಿದು ಕಟಕಟ ಎನ್ನುತ್ತದೆ. ಈ ಏರ್ಪಾಡಿಗೆ ಅವರು ಕರಾಕ ಎನ್ನುತ್ತಾರೆ. ಕ್ರೈಸ್ತರ ಪವಿತ್ರ ವಾರದಲ್ಲಿ ಚರ್ಚಿನ ಗಂಟೆಗಳು ಮೌನವಾಗಿರುವಾಗ ತಿರುಗಿಸಿ ಸದ್ದು ಮಾಡುವ ಮರದ ಗಿರಗಟ್ಟೆಗೂ ಅದೇ ಹೆಸರು. ಕತ್ತಲ ಓಣಿಯಲ್ಲಿ ಆ ಸದ್ದು ಕೇಳಿದರೆ ಸಾಕಿತ್ತು, ಎದುರಿನವನು ದಾರಿ ಬದಲಿಸುತ್ತಿದ್ದ. ಬೀಗವೇ ಮಾತಾಡುವ ಚೂರಿ ಅದು. ಆಲ್ಬಸೇಟೆ ಎಂಬ ಊರು ಈ ಕಸುಬಿಗೆ ಹೆಸರಾಯಿತು. ರೈಲು ಬಂದ ಮೇಲೆ ಅಲ್ಲಿಯ ಮಾರಾಟಗಾರರು ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಅದರ ತುಂಬ ಚೂರಿಗಳನ್ನು ಸಿಕ್ಕಿಸಿಕೊಂಡು, ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮಾರುತ್ತಿದ್ದರು. ನಮ್ಮಲ್ಲಿ ಕಡಲೆಕಾಯಿ ಮಾರುವ ಹಾಗೆ! ಈಗ ಆ ಊರಿನಲ್ಲಿ ಚೂರಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಸ್ಪೇನಿನ ಹೆಂಗಸರ ನವಾಹ ಬೇರೆಯೇ ಇತ್ತು. ತೀರಾ ಪುಟ್ಟದು, ಮಡಚಿದರೆ ಬೆರಳುದ್ದ. ಕಾಲುಚೀಲವನ್ನು ಬಿಗಿಯುವ ಪಟ್ಟಿಯೊಳಗೋ ರವಿಕೆಯೊಳಗೋ ಅದನ್ನು ಇಟ್ಟುಕೊಳ್ಳುತ್ತಿದ್ದರು. ಅದರ ಹೆಸರು ಸಾಲ್ವಾವಿರ್ಗೊ. ಕನ್ಯೆಯನ್ನು ಕಾಯುವುದು ಎಂದು ಅರ್ಥ ಮಾಡಬಹುದು. ಈ ಹೆಸರಿನಲ್ಲಿ ಒಂದು ನಗೆಯೂ ಇದೆ, ಒಂದು ಹೆದರಿಕೆಯೂ ಇದೆ. ಹೆಸರಿಟ್ಟವನು ಗಂಡಸೇ ಇರಬೇಕು ಎಂದು ನನ್ನ ಗುಮಾನಿ. ಮದುವೆಯಾದವಳಿಗೆ, ಮುದುಕಿಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆಯುವವಳಿಗೆ ಕಾವಲು ಬೇಡವೇ?

ಈ ಮಾತಿಗೆ ಕಾರ್ಮೆನ್‌ಳ ಕತೆ ನೆನಪಾಗುತ್ತದೆ. ಫ್ರೆಂಚ್ ಲೇಖಕ ಮೆರಿಮೆ 1845ರಲ್ಲಿ ಬರೆದದ್ದು. ಬಿಜೆ ಅದನ್ನು ಸಂಗೀತ ನಾಟಕ ಮಾಡಿ 1875ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ತಂದ. ಆಮೇಲೆ ಅದು ಲೋಕಪ್ರಸಿದ್ಧವಾಯಿತು. ಕೊನೆಯಲ್ಲಿ ಪ್ರಿಯಕರ ಅವಳನ್ನು ಚೂರಿಯಿಂದ ಕೊಲ್ಲುವುದು ಎಲ್ಲರಿಗೂ ಗೊತ್ತು. ಆದರೆ ಮೆರಿಮೆಯ ಕತೆಯಲ್ಲಿ ಮೊದಲು ಚೂರಿ ಹಿಡಿಯುವವಳು ಕಾರ್ಮೆನ್‌ಳೇ. ಸೆವಿಲ್ಲೆಯ ಚುಟ್ಟಾ ಕಾರ್ಖಾನೆಯಲ್ಲಿ ಜಗಳವಾಡಿ ಜೊತೆ ಕೆಲಸಗಾರ್ತಿಯ ಮುಖಕ್ಕೆ ಗೀರು ಹಾಕುತ್ತಾಳೆ. ಅವಳ ಕೈಯಲ್ಲಿದ್ದುದು ಕಾಳಗದ ನವಾಹ ಅಲ್ಲ, ಚುಟ್ಟಾದ ತುದಿ ಕತ್ತರಿಸುವ ಕೆಲಸದ ಚೂರಿ. ದುಡಿಯುವ ಹೆಂಗಸಿನ ಕೈಗೆ ಸಿಗುವುದು ಅವಳ ದುಡಿಮೆಯ ಹತ್ಯಾರವೇ ತಾನೇ.

ಯುರೋಪಿನ ಗೃಹಿಣಿಯರಲ್ಲೂ ಇನ್ನೊಂದು ಪದ್ಧತಿಯಿತ್ತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸೊಂಟದ ಕೊಂಡಿಯಿಂದ ಸರಪಳಿಗಳನ್ನು ಇಳಿಬಿಟ್ಟು, ಅವುಗಳಿಗೆ ಬೀಗದ ಕೈ, ಕತ್ತರಿ, ಸೂಜಿಯ ಡಬ್ಬಿ, ಪುಟ್ಟದೊಂದು ಮಡಚುವ ಚೂರಿ ಸಿಕ್ಕಿಸಿಕೊಳ್ಳುತ್ತಿದ್ದರು. ಶಾಟ್ಲೇನ್ ಎಂದು ಅದರ ಹೆಸರು. ನಮ್ಮಜ್ಜಿಯರ ಸೊಂಟದ ಬೀಗದ ಕೈ ಗೊಂಚಲಿನ ಅಕ್ಕ ಅದು. ಆ ಪುಟ್ಟ ಚೂರಿಗೆ ಇಂಗ್ಲಿಷಿನಲ್ಲಿ ಪೆನ್‌ನೈಫ್ ಎನ್ನುವುದು ಹಕ್ಕಿಯ ಗರಿಯನ್ನು ಲೇಖನಿಯಾಗಿ ಹೆರೆಯುತ್ತಿದ್ದುದರಿಂದ. ಪತ್ರ ಬರೆಯಲು ಕಲಿತ ಹೆಂಗಸಿಗೆ ಚೂರಿಯೂ ಒಂದು ಬರವಣಿಗೆಯ ಸಾಮಾನಾಗಿತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನು ನನ್ನ ಮೆಚ್ಚಿನ ಚೂರಿಗೆ ಬರುತ್ತೇನೆ. ಅದು ಫ್ರಾನ್ಸಿನ ಸವಾಯ್ ಗುಡ್ಡಗಾಡಿನದು, ಒಪಿನೆಲ್ ಎಂದು ಹೆಸರು. ಸೋದರಳಿಯ ಗ್ರೆನೋಬಲ್‌ನಲ್ಲಿ ಓದುತ್ತಿದ್ದಾಗ ನನಗೆ ಎಂಟನೆಯ ನಂಬರಿನದೊಂದನ್ನು ತಂದುಕೊಟ್ಟ. ಕೊಡುವಾಗ ಒಂದು ನಾಣ್ಯ ಕೇಳಿದ. ಚೂರಿಯನ್ನು ಸುಮ್ಮನೆ ಉಡುಗೊರೆ ಕೊಟ್ಟರೆ ಸ್ನೇಹ ಕಡಿಯುತ್ತದೆಂದು ಅಲ್ಲಿಯ ನಂಬಿಕೆಯಂತೆ. ಕೈಯಿಂದ ಕೈಗೆ ಚೂರಿ ಕೊಡಬಾರದು, ಕೆಳಗಿಟ್ಟು ಕೊಡಬೇಕು ಎಂದು ಬೆಳೆದ ನನಗೆ ಇದೇನು ಹೊಸದಾಗಿ ಕಾಣಲಿಲ್ಲ. ಒಂದು ರೂಪಾಯಿ ಕೊಟ್ಟೆ.

ಜೋಸೆಫ್ ಒಪಿನೆಲ್ ಕಮ್ಮಾರರ ಮನೆಯ ಹುಡುಗ. ಅಪ್ಪ ಕೊಡಲಿ, ಕುಡುಗೋಲು, ಸವರುಗತ್ತಿ ಮಾಡುತ್ತಿದ್ದ. ಜೇಬಿನ ಚೂರಿಯಂಥ ಹಗುರ ವಸ್ತು ಅಪ್ಪನ ದೃಷ್ಟಿಯಲ್ಲಿ ಕಸುಬೇ ಅಲ್ಲ. ಹುಡುಗನಿಗೆ ಯಂತ್ರಗಳ ಹುಚ್ಚು. ತಾನೇ ಒಂದು ಕ್ಯಾಮರಾ ಮಾಡಿಕೊಂಡು ಸುತ್ತಲಿನ ಮದುವೆಗಳ ಫೋಟೋ ತೆಗೆಯುತ್ತಿದ್ದ. 1890ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವನು ಮರದ ಹಿಡಿಯ ಸರಳ ಮಡಚುವ ಚೂರಿ ಮಾಡಿದ. ಹಿಡಿಯನ್ನು ಬೇಗ ಕಡೆಯಲು ಯಂತ್ರವನ್ನೂ ಕಟ್ಟಿದ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಹನ್ನೆರಡು ಅಳತೆ ಬಂದವು. ಒಂದು ಮತ್ತು ಹನ್ನೊಂದನ್ನು ಮುಂದೆ ಕೈಬಿಟ್ಟರು. ಎಂಟನೆಯದರ ಅಲಗು ಎಂಟೂವರೆ ಸೆಂಟಿಮೀಟರ್. ಅದೇ ಎಲ್ಲರ ಕೈಗೂ ಒಗ್ಗಿದ್ದು.

ಈ ಚೂರಿಯ ಅಲಗಿನ ಮೇಲೆ ಕಿರೀಟ ಹೊತ್ತ ಒಂದು ಕೈಯ ಗುರುತಿದೆ. ಎರಡು ಬೆರಳು ಎತ್ತಿ ಹರಸುವ ಕೈ. 1909ರಲ್ಲಿ ಆರಿಸಿಕೊಂಡ ಮುದ್ರೆ. ಕಿರೀಟ ಸವಾಯ್ ಸಂಸ್ಥಾನದ್ದು, ಕೈ ಹತ್ತಿರದ ಸೇಂಟ್ ಜಾನ್ ದ ಮೊರಿಯೆನ್ ಎಂಬ ಊರಿನ ಲಾಂಛನದ್ದು. ಆ ಊರಿನ ಚರ್ಚಿನಲ್ಲಿ ಸ್ನಾನಿಕ ಯೋಹಾನನ ಬೆರಳುಗಳಿವೆ ಎಂದು ನಂಬಿಕೆ. ಅವನ್ನು ಪರದೇಶದಿಂದ ಅಲ್ಲಿಗೆ ತಂದವಳು ಆರನೆಯ ಶತಮಾನದ ತೆಕ್ಲಾ ಎಂಬ ಒಬ್ಬ ಹೆಂಗಸು ಎನ್ನುತ್ತದೆ ಐತಿಹ್ಯ. ಲೋಕವೆಲ್ಲ ಗಂಡಸರ ಜೇಬಿನಲ್ಲಿ ಓಡಾಡುವ ಈ ಚೂರಿಯ ಅಲಗಿನ ಮೇಲೆ, ಒಬ್ಬಳೇ ಸಮುದ್ರ ದಾಟಿದ ಹೆಣ್ಣಿನ ಯಾತ್ರೆಯ ಗುರುತು ಇದೆ ಎಂದಾಯಿತು. ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ಒಪಿನೆಲ್‌ಗೂ ಮೊದಲು ಬೀಗವಿರಲಿಲ್ಲ. ಮರದ ಬಿಗಿತವೊಂದೇ ಅಲಗನ್ನು ಹಿಡಿಯುತ್ತಿತ್ತು. ಅರುವತ್ತೈದು ವರ್ಷದ ಮೇಲೆ, 1955ರಲ್ಲಿ, ಜೋಸೆಫನ ಮಗ ಮಾರ್ಸೆಲ್ ಒಂದು ಉಂಗುರ ಮಾಡಿದ. ಅದನ್ನು ವಿರೊಬ್ಲಾಕ್ ಎನ್ನುತ್ತಾರೆ. ಹಿಡಿಯ ಕೊರಳಿಗೆ ಒಂದು ಸೀಳಿರುವ ಉಕ್ಕಿನ ಬಳೆ. ಸೀಳು ಹಿಡಿಯ ಗಾಡಿಗೆ ಎದುರಾಗಿದ್ದರೆ ಅಲಗು ಸರಾಗವಾಗಿ ಮಡಚುತ್ತದೆ. ಬಳೆಯನ್ನು ಸ್ವಲ್ಪ ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿದು, ಬಳೆಯ ಮೈ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಸ್ಪ್ರಿಂಗಿಲ್ಲ, ಗುಂಡಿಯಿಲ್ಲ, ಸದ್ದಿಲ್ಲ. ಹಿಡಿ, ಅಲಗು, ಮೊಳೆ, ಒಂದು ಕೂತ ಬಳೆ, ಒಂದು ತಿರುಗುವ ಬಳೆ, ಐದೇ ಭಾಗ. ಬಳೆಯನ್ನು ತಿರುಗಿಸುವುದು ಹೆಂಗಸರಿಗೆ ಯಾರು ಹೇಳಿಕೊಡಬೇಕು? ನಾನು ಮೊದಲ ಸಲಕ್ಕೇ ಕಲಿತೆ. 2000ದ ಸುಮಾರಿಗೆ ಇದನ್ನು ಇನ್ನಷ್ಟು ತಿದ್ದಿ, ಮಡಚಿದ ಸ್ಥಿತಿಯಲ್ಲೂ ಬೀಗ ಬೀಳುವಂತೆ ಮಾಡಿದರು. ಚೀಲದೊಳಗೆ ತಾನಾಗಿ ತೆರೆದುಕೊಳ್ಳುವ ಭಯವೂ ಹೋಯಿತು. ಎರಡರಿಂದ ಐದರವರೆಗಿನ ಸಣ್ಣ ನಂಬರುಗಳಿಗೆ ಮಾತ್ರ ಇಂದಿಗೂ ಬಳೆಯಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಈ ಚೂರಿಗೆ ಒಂದು ತೊಂದರೆ. ಹಿಡಿ ಬೀಚ್ ಮರದ್ದು, ತೇವ ಕುಡಿದು ಊದಿಕೊಳ್ಳುತ್ತದೆ. ನಮ್ಮ ಬಾಗಿಲುಗಳು ಆಷಾಢದಲ್ಲಿ ಹಟ ಹಿಡಿಯುವುದಿಲ್ಲವೇ, ಹಾಗೆ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸವಾಯ್‌ನವರ ಮದ್ದು ಬಹಳ ಚಂದ. ಹಿಡಿಯ ಬಾಲದ ತುದಿಯನ್ನು ಮೇಜಿಗೆ ಒಂದೇ ಏಟು ಕುಟ್ಟುವುದು. ಅಲಗು ಬೆಚ್ಚಿಬಿದ್ದಂತೆ ಮೂತಿ ಹೊರಹಾಕುತ್ತದೆ. ಅದಕ್ಕೆ 'ಸವಾಯ್‌ನವನ ಏಟು' ಎಂದೇ ಹೆಸರಿದೆಯಂತೆ. ಸಾಗರದ ನಮ್ಮ ಊಟದ ಮೇಜಿನ ಅಂಚಿನಲ್ಲಿ ಅದರ ನಾಲ್ಕೈದು ಗುರುತುಗಳಿವೆ.

ಸ್ವಿಟ್ಜರ್ಲೆಂಡಿನ ಕೆಂಪು ಚೂರಿಯನ್ನು ನೋಡದವರಿಲ್ಲ. ಅದನ್ನು ಮಾಡಿದ ಕಾರ್ಲ್ ಎಲ್ಸೆನರ್ 1884ರಲ್ಲಿ ಈಬಾಖ್ ಎಂಬಲ್ಲಿ ಚೂರಿಯ ಕಾರ್ಖಾನೆ ತೆರೆದ. ಅವನ ತಾಯಿ ವಿಕ್ಟೋರಿಯಾ ಬೆಂಬಲಕ್ಕೆ ನಿಂತು, ಮಗ ಮಾಡಿದ ಚೂರಿಗಳನ್ನು ತನ್ನ ಅಂಗಡಿಯಲ್ಲಿಟ್ಟು ಮಾರಿದಳು. ಆಗ ಸ್ವಿಸ್ ಸಿಪಾಯಿಗಳ ಚೂರಿ ಜರ್ಮನಿಯ ಸೋಲಿಂಗನ್‌ನಿಂದ ಬರುತ್ತಿತ್ತು. ನಮ್ಮ ಸೈನ್ಯಕ್ಕೆ ನಾವೇ ಮಾಡೋಣ ಎಂದು ಎಲ್ಸೆನರ್ ಹೊರಟ. 1891ರಲ್ಲಿ ಮೊದಲ ಸರಬರಾಜು ಮಾಡಿದ. ಜರ್ಮನರ ಅಗ್ಗದ ಬೆಲೆಯ ಎದುರು ನಿಲ್ಲಲಾಗದೆ ಜೊತೆಗಾರರು ಬಿಟ್ಟುಹೋದರು. ಸಾಲ ಅವನನ್ನು ದಿವಾಳಿಯ ಅಂಚಿಗೆ ತಂದಿತು. ಬಂಧುಗಳು ಕೈಹಿಡಿದದ್ದರಿಂದ ಉಳಿದುಕೊಂಡ.

ಅವನ ಜಾಣತನ ಇದ್ದುದು ಸ್ಪ್ರಿಂಗಿನಲ್ಲಿ. ಒಂದೇ ಬೆನ್ನು ಸ್ಪ್ರಿಂಗು ಹಿಡಿಯ ಎರಡೂ ಬದಿಯ ಉಪಕರಣಗಳನ್ನು ಹಿಡಿಯುವಂತೆ ಮಾಡಿದ. ದಪ್ಪ ಹೆಚ್ಚದೆ ಸಾಮಾನು ಹೆಚ್ಚಿತು. 1897ರ ಜೂನ್ 12ರಂದು ನೋಂದಣಿಯಾದ ಅಧಿಕಾರಿಗಳ ಚೂರಿಯಲ್ಲಿ ಬಿರಡೆ ತೆಗೆಯುವ ತಿರುಪೂ ಸೇರಿತು. ಸೈನ್ಯಕ್ಕೆ ದ್ರಾಕ್ಷಾರಸದ ಬಾಟಲಿ ತೆಗೆಯುವುದು ಅಗತ್ಯವೆನಿಸಲಿಲ್ಲ, ಹೀಗಾಗಿ ಅಧಿಕಾರಿಗಳು ಸ್ವಂತ ದುಡ್ಡಿನಲ್ಲೇ ಕೊಂಡರು. ತಾಯಿ ತೀರಿಕೊಂಡದ್ದು 1909ರಲ್ಲಿ. ಎಲ್ಸೆನರ್ ತನ್ನ ಚೂರಿಗೆ ವಿಕ್ಟೋರಿಯಾ ಎಂದು ಹೆಸರಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಫ್ರೆಂಚ್ ಹೆಸರಿನ ತುಂಡು 'ಇನಾಕ್ಸ್' ಸೇರಿ ವಿಕ್ಟೋರಿನಾಕ್ಸ್ ಆಯಿತು. ಅರ್ಧ ತಾಯಿ, ಅರ್ಧ ಉಕ್ಕು! ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸಿಪಾಯಿಗಳು ಜರ್ಮನ್ ಹೆಸರು ಬಾಯಿಗೆ ಬಾರದೆ ಸ್ವಿಸ್ ಆರ್ಮಿ ನೈಫ್ ಎಂದು ಕರೆದರು, ಲೋಕಕ್ಕೆ ಅದೇ ಹೆಸರಾಯಿತು. ಬಹುಪಾಲು ಕೆಂಪು ಚೂರಿಗಳಲ್ಲಿ ಬೀಗವಿಲ್ಲ, ಅತ್ತೆಯ ಚೂರಿಯಲ್ಲಿದ್ದಂಥ ಒಲಿಸುವ ಸ್ಪ್ರಿಂಗೇ. ಸಿಪಾಯಿಗಳಿಗೆ ಬೀಗ ಬೀಳುವ ಅಲಗಿನ ಹೊಸ ಚೂರಿ ಬಂದದ್ದು 2008ರಲ್ಲಿ.

ಜಪಾನಿನವರು ಬೀಗವನ್ನು ಮನುಷ್ಯನ ಮೈಯಲ್ಲೇ ಇಟ್ಟರು. 1890ರ ದಶಕದಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಚೂರಿಯ ಹಿಡಿ ಮಡಿಸಿದ ಒಂದು ಲೋಹದ ತಗಡು. ಅಲಗಿನ ಬುಡದಲ್ಲಿ ಬಾಲದಂತೆ ಒಂದು ಚಾಚು. ಅದನ್ನು ಒತ್ತಿದರೆ ಅಲಗು ತೆರೆಯುತ್ತದೆ, ಹೆಬ್ಬೆರಳನ್ನು ಅದರ ಮೇಲೆ ಇಟ್ಟಿರುವಷ್ಟು ಹೊತ್ತು ತೆರೆದಿರುತ್ತದೆ. ಹೆಬ್ಬೆರಳೇ ಬೀಗ. ಶಾಲೆಯ ಮಕ್ಕಳೆಲ್ಲ ಪೆನ್ಸಿಲ್ ಹೆರೆಯಲು ಇದನ್ನೇ ಒಯ್ಯುತ್ತಿದ್ದರು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ಪಕ್ಷದ ನಾಯಕ ಅಸನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ಭಾಷಣದ ವೇದಿಕೆಯಲ್ಲೇ ಇರಿದು ಕೊಂದ. ಇರಿದದ್ದು ಗಿಡ್ಡ ಖಡ್ಗದಿಂದ, ಪೆನ್ಸಿಲ್ ಚೂರಿಯಿಂದಲ್ಲ. ಆದರೂ ಮಕ್ಕಳ ಕೈಗೆ ಅಲಗು ಬೇಡವೆಂಬ ಚಳವಳಿ ಎದ್ದು, ಪೆನ್ಸಿಲ್ ಚೂರಿಗಳು ಶಾಲೆಯ ಚೀಲದಿಂದ ಮಾಯವಾದವು. ಆ ಹೆಸರಿನ ಹಕ್ಕು ಈಗ ಮಿಕಿ ಎಂಬ ಊರಿನ ಒಂದೇ ಕುಲುಮೆಯಲ್ಲಿ ಉಳಿದಿದೆ. ತಾಯಂದಿರ ಭಯ ನನಗೆ ಅರ್ಥವಾಗುತ್ತದೆ. ಪೆನ್ಸಿಲ್ ಹೆರೆಯಲು ಕಲಿಯದ ಬೆರಳುಗಳ ಬಗ್ಗೆಯೂ ಸ್ವಲ್ಪ ವ್ಯಥೆ ಇದೆ.

ನಮ್ಮ ದೇಶದ ರಾಮಪುರಿಯ ಪ್ರಸ್ತಾಪ ಮಾಡದಿದ್ದರೆ ನೀವು ಕೇಳಿಯೇ ಕೇಳುತ್ತೀರಿ. ಉತ್ತರ ಪ್ರದೇಶದ ರಾಮಪುರದ ಕಸುಬು ಅದು. ನಾವು ಅದನ್ನು ಕಂಡದ್ದು ಹಿಂದಿ ಸಿನಿಮಾದ ಖಳರ ಕೈಯಲ್ಲಿ. 1965ರ 'ವಕ್ತ್' ಚಿತ್ರದಲ್ಲಿ ರಾಜ್‌ಕುಮಾರ್ ಅದನ್ನು ಹಿಡಿದು ಆಡಿದ ಮಾತು ಉತ್ತರದಲ್ಲಿ ಮನೆಮಾತು. ನಮ್ಮ ಅಣ್ಣಾವ್ರಲ್ಲ, ಅಲ್ಲಿಯ ರಾಜ್‌ಕುಮಾರ್. ಉದ್ದ ಅಲಗಿನ ಮೇಲೆ ಸರಕಾರ ನಿರ್ಬಂಧ ಹೇರಿದ ಮೇಲೆ ಕಮ್ಮಾರರ ಕೆಲಸ ಸೊರಗಿತು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಇಪ್ಪತ್ತು ಅಡಿ ಉದ್ದದ ಚೂರಿಯ ಪ್ರತಿಮೆ ನಿಲ್ಲಿಸಿದರು.

ಬೀಗದ ವಿಷಯದಲ್ಲಿ ನನಗೆ ವಿಚಿತ್ರವೆನಿಸುವುದು ಕಾನೂನಿನ ಕಣ್ಣು. ಬ್ರಿಟನ್ನಿನ 1988ರ ಕಾಯಿದೆಯಂತೆ ಮೂರು ಅಂಗುಲಕ್ಕೆ ಮೀರದ ಅಲಗಿನ ಮಡಚುವ ಚೂರಿಯನ್ನು ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಆದರೆ ಅಲಗಿಗೆ ಬೀಗವಿದ್ದರೆ ಅದು ಮಡಚುವ ಚೂರಿಯೇ ಅಲ್ಲ ಎಂದು ಅಲ್ಲಿಯ ನ್ಯಾಯಾಲಯಗಳು ಹೇಳಿವೆ. ತಕ್ಷಣ ಮಡಚಲಾಗದ್ದು ಕತ್ತಿಗೆ ಸಮ ಎಂಬುದು ತರ್ಕ. ಬಳೆ ತೆಗೆದ ಒಪಿನೆಲ್ ನಿರಪರಾಧಿ, ಬಳೆ ತೊಟ್ಟ ಒಪಿನೆಲ್ ಶಂಕಿತ! ಅತ್ತೆಯ ಬೆರಳನ್ನು ಉಳಿಸಬಹುದಾಗಿದ್ದ ಆ ಒಂದು ತುಂಡು ಉಕ್ಕೇ ಪೊಲೀಸರ ಕಣ್ಣಿಗೆ ಆಯುಧದ ಗುರುತು. ನಮ್ಮ ದೇಶದ ನಿಯಮ ಒಂಬತ್ತು ಅಂಗುಲದ ಉದ್ದ, ಎರಡು ಅಂಗುಲದ ಅಗಲ ಮೀರಿದ ಅಲಗಿಗೆ ಲೈಸೆನ್ಸು ಕೇಳುತ್ತದೆ. ಮನೆಗೆಲಸದ, ಬೇಸಾಯದ ಕತ್ತಿಗಳಿಗೆ ಮಾತ್ರ ವಿನಾಯಿತಿ. ನಮ್ಮ ಮೆಟ್ಟುಗತ್ತಿಯನ್ನು ಯಾರೂ ಅಳೆಯಲು ಬರುವುದಿಲ್ಲ.

2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ವಿಮಾನಗಳ ದಾಳಿಯಾದ ಮೇಲೆ ವಿಮಾನ ನಿಲ್ದಾಣಗಳಲ್ಲಿ ಚೂರಿಯ ಮಾರಾಟ ನಿಂತಿತು. ಪ್ರವಾಸಿಗರು ಉಡುಗೊರೆಗೆಂದು ಕೊಳ್ಳುತ್ತಿದ್ದ ಕೆಂಪು ಚೂರಿಗೆ ದೊಡ್ಡ ಹೊಡೆತ ಬಿತ್ತು. ಇನ್ನೊಂದು ಚೂರಿ ಕಂಪೆನಿ ವೆಂಗರ್ 2005ರಲ್ಲಿ ವಿಕ್ಟೋರಿನಾಕ್ಸ್‌ನ ಪಾಲಾಯಿತು. 2024ರಲ್ಲಿ ವಿಕ್ಟೋರಿಯಾಳ ವಂಶದ ಈಗಿನ ಯಜಮಾನ, ಅವನೂ ಕಾರ್ಲ್ ಎಲ್ಸೆನರನೇ, ಒಂದು ಸುದ್ದಿ ಹೇಳಿದ. ದೇಶದೇಶಗಳಲ್ಲಿ ಬಿಗಿಯಾಗುತ್ತಿರುವ ಕಟ್ಟಳೆಗಳನ್ನು ನೋಡಿ ತಾವು ಅಲಗಿಲ್ಲದ ಉಪಕರಣವೊಂದನ್ನು ತಯಾರಿಸುವ ಯೋಚನೆಯಲ್ಲಿದ್ದೇವೆ ಎಂದು. ತಿರುಪುಳಿ ಇರುತ್ತದೆ, ಕತ್ತರಿ ಇದ್ದರೂ ಇರಬಹುದು, ಚೂರಿ ಇರುವುದಿಲ್ಲ. ಹಾಳೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಒಪಿನೆಲ್‌ನಿಂದ ಹಲಸಿನಕಾಯಿಯ ಸೊಳೆ ಬಿಡಿಸುತ್ತಿದ್ದೆ. ಬಳೆಯ ಸಂದಿಗೆ ಮೇಣ ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುವ ಹೊತ್ತಿಗೆ ಸಂಜೆಯಾಯಿತು.